ಅಮ್ಮನ ಬಿ.ಪಿ. ಮಾತ್ರೆ, ಕೋಶದೊಳಗಿನ ಟ್ಯಾಂಕು

ಅಮ್ಲೋಡಿಪಿನ್ ಗೊತ್ತಲ್ಲ? ನಮ್ಮ ಓದುಗರ ಪೈಕಿ ಅನೇಕರ ಮನೆಯ ಔಷಧಿ ಡಬ್ಬದಲ್ಲಿರುವ ಬಿ.ಪಿ. ಮಾತ್ರೆ. ಅದರ ಜಾತಿಯ ಹೆಸರು ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್. ಹಾಸನದಿಂದ ಬಾಂದ್ರಾಕ್ಕೆ ಬಂದಿದ್ದ ನಮ್ಮಮ್ಮ ಈ ಹೆಸರು ಕೇಳಿದ್ದೇ ತಡ, ರಾಗಿ, ಹಾಲು ಎರಡನ್ನೂ ಬಿಟ್ಟುಬಿಟ್ಟಳು. "ಕ್ಯಾಲ್ಸಿಯಂ ತಡೀಲಿ ಅಂತ ಡಾಕ್ಟ್ರು ಮಾತ್ರೆ ಕೊಟ್ಟವ್ರೆ. ನಾನು ತಿಂದೂ ತಿಂದೂ ತುಂಬ್ಕಂಡ್ರೆ ಹೆಂಗೋ?" ತರ್ಕವೇನೋ ಸರಿಯಾಗಿದೆ. ಆದರೆ ಮೂಳೆ ಸವೆಯುವ ವಯಸ್ಸಿನಲ್ಲಿ ಇದು ದುಬಾರಿ ತರ್ಕ.

ಮಾತ್ರೆ ಕೆಲಸ ಮಾಡುವುದು ರಕ್ತನಾಳದ ಗೋಡೆಯ ಅನೈಚ್ಛಿಕ ಸ್ನಾಯುವಿನ ಮೇಲೆ. ಶ್ವಾಸನಾಳ, ಕರುಳು, ಗರ್ಭಕೋಶಗಳಲ್ಲೂ ಇರುವುದು ಇದೇ ಬಗೆಯ ಸ್ನಾಯು. ಸ್ನಾಯು ಸಡಿಲವಾಗಿರುವಾಗ ಕೋಶದ ದ್ರವದಲ್ಲಿ ಬಿಡಿಯಾಗಿರುವ ಕ್ಯಾಲ್ಸಿಯಂ, ಹೊರಗಿರುವುದರ ಸುಮಾರು 10,000ದಲ್ಲಿ ಒಂದು ಪಾಲು. ಅದು ಸ್ವಲ್ಪ ಏರಿದರೂ ಸಾಕು, ಕ್ಯಾಲ್ಮಾಡ್ಯುಲಿನ್ ಎಂಬ ಪ್ರೋಟೀನು ಅದನ್ನು ಹಿಡಿದು ಒಂದು ಕಿಣ್ವವನ್ನು ಎಬ್ಬಿಸುತ್ತದೆ, ಸ್ನಾಯು ಬಿಗಿಯುತ್ತದೆ, ನಾಳ ಕಿರಿದಾಗುತ್ತದೆ.

ಈ ಕ್ಯಾಲ್ಸಿಯಂ ಬರುವುದೆಲ್ಲಿಂದ? ಮುಂಬಯಿಯವರಿಗೆ ಹೇಳುವುದು ಸುಲಭ. ಮುನಿಸಿಪಾಲಿಟಿ ನೀರು ಗೊತ್ತಾದ ಹೊತ್ತಿಗೆ ಬರುತ್ತದೆ. ಸೊಸೈಟಿಯ ಮೋಟಾರು ಅದನ್ನು ತಾರಸಿ ಟ್ಯಾಂಕಿಗೆ ಏರಿಸುತ್ತದೆ. ನಲ್ಲಿಯಲ್ಲಿ ಬರುವುದು ಟ್ಯಾಂಕಿನದು. ಕೋಶಕ್ಕೂ ಹೊರಗಿನ ಲೈನಿದೆ, ಒಳಗೊಂದು ಟ್ಯಾಂಕಿದೆ. ಟ್ಯಾಂಕಿನ ಹೆಸರು ಸಾರ್ಕೋಪ್ಲಾಸ್ಮಿಕ್ ರೆಟಿಕ್ಯುಲಮ್. ಮೋಟಾರು ಸರ್ಕಾ ಎಂಬ ಪಂಪು: ಒಂದು ಎಟಿಪಿ ಖರ್ಚು ಮಾಡಿ ಎರಡು ಕ್ಯಾಲ್ಸಿಯಂ ಅಯಾನು ಒಳಗೆ ತಳ್ಳುತ್ತದೆ. ನಾರ್‌ಅಡ್ರಿನಾಲಿನ್ ಬಂದು ಕೋಶದ ಬಾಗಿಲು ತಟ್ಟಿದರೆ ಒಳಗೆ ಐಪಿ3 ಎಂಬ ಪುಟ್ಟ ಅಣು ಹುಟ್ಟಿ ಟ್ಯಾಂಕಿನ ವಾಲ್ವ್ ತೆರೆಯುತ್ತದೆ. ಐಪಿ3ಯ ಈ ಕೆಲಸವನ್ನು 1983ರಲ್ಲಿ ಮೈಕೆಲ್ ಬೆರಿಡ್ಜ್ ಮತ್ತು ಸಂಗಡಿಗರು ತೋರಿಸಿದ್ದು ಮೇದೋಜೀರಕ ಗ್ರಂಥಿಯ ಕೋಶಗಳಲ್ಲಿ.

ಟ್ಯಾಂಕು ಬರಿದಾದದ್ದು ಹೊರಗಿನ ಗೇಟಿಗೆ ತಿಳಿಯುವುದು ಹೇಗೆ ಎಂಬುದು ಮಾತ್ರ ಬಹಳ ಕಾಲ ಒಗಟಾಗಿತ್ತು. 2005ರಲ್ಲಿ ಸ್ಟಿಮ್ ಎಂಬ ಪ್ರೋಟೀನು ಸಿಕ್ಕಿತು. ನಮ್ಮ ಟ್ಯಾಂಕಿನ ಫ್ಲೋಟ್ ಇದ್ದಂತೆ ಮಟ್ಟ ಇಳಿದದ್ದನ್ನು ಹೇಳುವುದು ಅದು. ಮರುವರ್ಷ ಸಿಕ್ಕ ಗೇಟಿಗೆ ಗ್ರೀಕ್ ಪುರಾಣದ ಸ್ವರ್ಗದ ದ್ವಾರಪಾಲಕಿಯರ ನೆನಪಲ್ಲಿ ಒರೈ ಎಂದು ಹೆಸರಿಟ್ಟರು. ನಾವಾಗಿದ್ದರೆ ಜಯವಿಜಯ ಅನ್ನುತ್ತಿದ್ದೆವೇನೋ.

ಅಮ್ಮನ ಮಾತ್ರೆ ಟ್ಯಾಂಕನ್ನು ಮುಟ್ಟುವುದಿಲ್ಲ, ಈ ಒರೈಯನ್ನೂ ಅಲ್ಲ. ಹೊರಪೊರೆಯಲ್ಲಿ ವಿದ್ಯುತ್ ವ್ಯತ್ಯಾಸಕ್ಕೆ ತೆರೆಯುವ ಇನ್ನೊಂದು ಬಾಗಿಲನ್ನು ಅರ್ಧ ಚಾಚುತ್ತದೆ, ಅಷ್ಟೆ. ಮುದ್ದೆ ಉಂಡರೆ ಆ ಬಾಗಿಲು ಹೆಚ್ಚೇನೂ ತೆರೆದುಕೊಳ್ಳದು. ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ಪ್ಯಾರಾಥೈರಾಯ್ಡ್ ಹಾರ್ಮೋನು ಬಿಗಿಯಾಗಿ ಕಾಯುತ್ತದೆ; ಊಟದಲ್ಲಿ ಕಡಿಮೆಯಾದರೆ ಮೂಳೆಯಿಂದ ಕಿತ್ತು ತರುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬಿಡುವುದೇಕೆ? ಡಾಕ್ಟರನ್ನೂ ಕೇಳಿ ಖಾತ್ರಿ ಮಾಡಿಕೊಂಡ ಮೇಲೆ ಮಾಟುಂಗಾದಿಂದ ಎರಡು ಕಿಲೋ ಹಿಟ್ಟು ತಂದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು 1995ರ ಒಂದು ಶೋಧ. ಟ್ಯಾಂಕಿಗೆ ರೈಯನೊಡಿನ್ ಎಂಬ ಇನ್ನೊಂದು ಬಗೆಯ ವಾಲ್ವೂ ಇದೆ. ಹೊರಪೊರೆಗೆ ತಾಗಿದಂತಿರುವ ಕಡೆ ಅದು ಆಗಾಗ ಕ್ಷಣಮಾತ್ರ ತೆರೆದು ಕ್ಯಾಲ್ಸಿಯಂ ಕಿಡಿ ಹಾರಿಸುತ್ತದೆ. ಕಿಡಿ ತಗುಲಿದ ಪೊಟ್ಯಾಸಿಯಂ ಗೇಟುಗಳು ತೆರೆಯುತ್ತವೆ, ಪೊರೆಯ ವಿದ್ಯುತ್ ಸ್ಥಿತಿ ಬದಲಾಗುತ್ತದೆ, ಅಮ್ಮನ ಮಾತ್ರೆ ಮುಚ್ಚುವ ಅದೇ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಅಪಧಮನಿ ಸಡಿಲಗೊಳ್ಳುತ್ತದೆ. ಕೋಶವಿಡೀ ಹರಡಿದರೆ ಬಿಗಿಸುವ ಕ್ಯಾಲ್ಸಿಯಂ, ಅಂಚಿನಲ್ಲಿ ಕಿಡಿಯಾಗಿ ಸಿಡಿದರೆ ಬಿಚ್ಚುತ್ತದೆ.