ಜೀಪಿನ ಕ್ರೌನೂ ರೈತನ ಸಾಲವೂ



ಸಾಲ ಅಂದಕೂಡಲೇ ನಾವು ಬೀಜ, ಗೊಬ್ಬರ, ಮದುವೆ, ಆಸ್ಪತ್ರೆ ಅಂತ ಲೆಕ್ಕ ಹಾಕುತ್ತೇವೆ. ಮಲೆನಾಡಿನ ತೋಟದವರು ಇನ್ನೊಂದು ಬಾಬ್ತು ಸೇರಿಸಬೇಕು: ಕೊಟ್ಟಿಗೆ ಪಕ್ಕ ನಿಂತಿರುವ ಹಳೇ ಜೀಪು. ಅಡಿಕೆ, ಕಾಫಿ ಮೂಟೆ, ಗೊಬ್ಬರ, ಕಾಯಿಲೆಯವರು, ಎಲ್ಲರನ್ನೂ ಎಲ್ಲವನ್ನೂ ಹಳ್ಳ ದಾಟಿಸುವುದು ಅದೇ. ಅದು ಕೂತಿತೋ, ಹೊಸ ಗಾಡಿಯ ಸಾಲದ ಕಾಗದ ಹಿಡಿದು ಏಜೆಂಟು ಅಂಗಳಕ್ಕೆ ಬಂದನೆಂದೇ ತಿಳಿಯಿರಿ.

ಜೀಪನ್ನು ಕೂರಿಸುವ ರೋಗ ಯಾವಾಗಲೂ ಎಂಜಿನ್ನಿನದಲ್ಲ. ಗಾಡಿಯ ಅಡಿಗೆ ಬಗ್ಗಿ ನೋಡಿ. ಡಿಫರೆನ್ಷಿಯಲ್, ಅಂದರೆ ಗ್ಯಾರೇಜಿನ ಮಾತಿನ ಕ್ರೌನು, ಕೂತಿರುವ ಆಕ್ಸಲ್ಲಿನ ಮೇಲೆ ಬೆರಳ ತುದಿಯಷ್ಟು ಬ್ರೀದರ್ ಇದೆ. ಅದು ಕ್ರೌನಿನ ಮೂಗು. ಏರು ಹತ್ತುವಾಗ ಒಳಗಿನ ಗಾಳಿ ಕಾದು ಹಿಗ್ಗಿ ಅಲ್ಲಿಂದ ಹೊರಹೋಗಬೇಕು. ಕೆಸರು ಒಣಗಿ ಮೂಗು ಕಟ್ಟಿದರೆ ಒತ್ತಡಕ್ಕೆ ಆಯಿಲ್ಲು ಸೀಲು ದಾಟಿ ಬ್ರೇಕ್ ಡ್ರಮ್ಮಿಗೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕು ಕೈಕೊಡುತ್ತದೆ. ಕಾದ ಆಕ್ಸಲ್ಲು ಹಳ್ಳದ ತಣ್ಣೀರಿಗೆ ಇಳಿದರೆ ಗಾಳಿ ಕುಗ್ಗಿ, ಸಿಕ್ಕ ಸಂದಿಯಿಂದ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಆಯಿಲ್ಲು ಹಾಲು ಬೆರೆಸಿದ ಕಾಫಿಯಂತಾಗುತ್ತದೆ. ಆಮೇಲೆ ಬೇರಿಂಗಿಗೆ ತುಕ್ಕು, ಕ್ರೌನ್-ಪಿನಿಯನ್ ಹಲ್ಲಿಗೆ ಸವೆತ, ರೈತನಿಗೆ ಕೈಗಡ.

ಮದ್ದು ಸಣ್ಣದು. ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಬ್ರೀದರ್ ಬಿಚ್ಚಿ ಡೀಸೆಲಿನಲ್ಲಿ ತೊಳೆಯಿರಿ. ಟೊಪ್ಪಿ ಇದ್ದರೆ ಸಲೀಸಾಗಿ ಅಲುಗಬೇಕು. ಹಳ್ಳ ದಾಟುವವರು ಆ ಜಾಗಕ್ಕೆ ನಿಪ್ಪಲ್ ಹಾಕಿಸಿ, ಆಯಿಲ್ ತಡೆಯುವ ರಬ್ಬರ್ ಪೈಪನ್ನು ಬಾಡಿಯ ಎತ್ತರಕ್ಕೆ ಒಯ್ದು ಬಾಯಿ ಕೆಳಮುಖವಾಗಿ ಕಟ್ಟಲಿ. ಆಕ್ಸಲ್ಲು ಆಡುವಷ್ಟು ಸಡಿಲವಿರಲಿ. ಆಯಿಲ್ ಬದಲಿಸುವಾಗ ಮೊದಲು ತುಂಬುವ ಬಿರಡೆ ಬಿಚ್ಚಿ, ಆಮೇಲೆ ಕೆಳಗಿನದು. ಮೇಲಿನದು ಬಿಗಿದುಕೊಂಡಿದ್ದರೆ ಖಾಲಿಯಾದ ಕ್ರೌನಿಗೆ ಆಯಿಲ್ ಹಾಕಲು ದಾರಿಯಿರುವುದಿಲ್ಲ. ಇಳಿದ ಆಯಿಲ್ಲಿನಲ್ಲಿ ನೀರಿದೆಯೇ, ಲೋಹದ ಚೂರಿದೆಯೇ ನೋಡಿ. ಸಮನೆಲದಲ್ಲಿ ನಿಲ್ಲಿಸಿ, ತೂತಿನ ಅಂಚಿಗೆ ಬರುವಷ್ಟು 90 ನಂಬರಿನ ಹೈಪಾಯ್ಡ್ ಗೇರ್ ಆಯಿಲ್ ಹಾಕಿ. ಹಳೇ ವಿಲ್ಲೀಸ್ ಮಾದರಿಯ ಹಿಂದಿನ ಕ್ರೌನಿಗೆ ಹಿಡಿಯುವುದು ಒಂದೂಕಾಲು ಲೀಟರಿನ ಆಸುಪಾಸು, ಅಷ್ಟೇ.

ಚಳವಳಿಯ ಪತ್ರಿಕೆಗೆ ಮೆಕ್ಯಾನಿಕ್ ಮಾತು ಯಾಕೆ ಅನ್ನುವವರಿದ್ದಾರೆ. ತನ್ನ ಯಂತ್ರವನ್ನು ತಾನೇ ಬಿಚ್ಚಿ ಕಟ್ಟಬಲ್ಲ ರೈತನನ್ನು ಸಾಲಕ್ಕೆ ಕೆಡವುವುದು ಸುಲಭವಲ್ಲ. ಅದಕ್ಕೆ.

ಹಾಗಂತ ರಿಪೇರಿಯೊಂದರಿಂದಲೇ ಸಾಲ ತೀರುವುದಿಲ್ಲ. ಕಿಸಾನ್ ಕ್ರೆಡಿಟ್ ಕಾರ್ಡಿನ 2012ರ ನಿಯಮದಲ್ಲಿ, ಬೆಳೆ ಸಾಲದ ಮಿತಿಯ ಮೇಲೆ ಶೇ. 20ರಷ್ಟನ್ನು ಕೃಷಿ ಆಸ್ತಿಗಳ ರಿಪೇರಿ-ನಿರ್ವಹಣೆಗೆಂದು ಸೇರಿಸಿದರು. ರಿಪೇರಿಯೂ ಬೇಸಾಯದ ಖರ್ಚು ಅಂತ ಸರ್ಕಾರವೇ ಒಪ್ಪಿತು, ಸಾಲ ಕೊಡುವಾಗ. ಬೆಲೆ ಕೊಡುವಾಗ? ನಮ್ಮ ಅಡಿಕೆ, ಕಾಫಿ, ಕಾಳುಮೆಣಸಿನ ಹೆಸರು ಕನಿಷ್ಠ ಬೆಂಬಲ ಬೆಲೆಯ ಪಟ್ಟಿಯಲ್ಲೇ ಇಲ್ಲ. ಖರ್ಚನ್ನು ಸಾಲವಾಗಿ ಕೊಟ್ಟು ಬಡ್ಡಿ ಎಣಿಸುವುದು, ಬೆಲೆಯಲ್ಲಿ ಮಾತ್ರ ಮರೆಯುವುದು, ಇದು ಯಾವ ನ್ಯಾಯ?

ಕ್ರೌನಿಗೆ ಆಯಿಲ್ ಹಾಕುವುದು ನಮ್ಮ ಕೆಲಸ, ಮಾಡೋಣ. ಆ ಆಯಿಲ್ಲಿನ ದುಡ್ಡು ಬೆಳೆಯ ಬೆಲೆಯಲ್ಲಿ ಬರಬೇಕು, ಸಾಲದಲ್ಲಲ್ಲ. ಅದನ್ನು ಕೇಳುವುದೂ ನಮ್ಮದೇ ಕೆಲಸ.