ಶಸ್ತ್ರವೈದ್ಯನ ಕಣ್ಣೂ ಯಂತ್ರದ ತೆರೆಯೂ

ಕಲಾವಿಭಾಗದವರಿಗೆ ಶಸ್ತ್ರವೈದ್ಯದ ಉಸಾಬರಿ ಏಕೆಂದು ಯಾರಾದರೂ ಕೇಳಿಯಾರು. ಯಂತ್ರದ ಒಳಗುಟ್ಟು ಎಂಜಿನಿಯರರಿಗೆ ಸೇರಿದ್ದು, ನಿಜ. ಆದರೆ ಅದು ಮನುಷ್ಯನಿಗೆ ಹೇಳುವ ಮಾತು ಹೇಗಿರಬೇಕೆಂಬುದು ಅರ್ಥದ ಪ್ರಶ್ನೆ. ಅದರಲ್ಲಿ ನಮಗೂ ಪಾಲುಂಟು.

ಮಿದುಳಿನ ಶಸ್ತ್ರಚಿಕಿತ್ಸೆಯಲ್ಲಿ ದಾರಿ ತೋರುವ ಯಂತ್ರಗಳು ಈಗ ಬಳಕೆಯಲ್ಲಿವೆ. ಮೊದಲೇ ತೆಗೆದ ಸಿ.ಟಿ. ಅಥವಾ ಎಂ.ಆರ್.ಐ. ಚಿತ್ರದ ಗುರುತುಗಳನ್ನು ರೋಗಿಯ ತಲೆಯ ಮೇಲಿನ ಗುರುತುಗಳೊಡನೆ ತಾಳೆಹಾಕುತ್ತಾರೆ. ಅಲ್ಲಿಂದ ಮುಂದೆ ಸಲಕರಣೆಯ ತುದಿ ಎಲ್ಲಿದೆಯೆಂಬುದು ತೆರೆಯ ಮೇಲೆ ಕಾಣುತ್ತದೆ. ತಲೆಗೆ ಲೋಹದ ಚೌಕಟ್ಟು ಬಿಗಿಯದೆಯೇ ಇದು ಸಾಧ್ಯವೆಂದು 1986ರಲ್ಲಿ ಅಮೆರಿಕದ ಡೇವಿಡ್ ರಾಬರ್ಟ್ಸ್ ಮತ್ತು ಸಂಗಡಿಗರು ತೋರಿಸಿದರು. ದೊಡ್ಡ ಉಪಕಾರವೇ ಸರಿ.

ನನ್ನ ತಕರಾರು ತೆರೆಯ ಮೂಲೆಯ ಒಂದು ಅಂಕಿಯ ಮೇಲೆ. ತಾಳೆ ಮುಗಿದೊಡನೆ ಅಲ್ಲಿ 1.2 ಮಿಲಿಮೀಟರ್ ಎಂದು ಮೂಡಿತೆನ್ನೋಣ. ಗುರಿ ತಪ್ಪಿದರೂ ಅಷ್ಟೇ ತಪ್ಪೀತೆಂದು ನೋಡಿದವರು ತಿಳಿಯುವುದು ಸಹಜ. ಆದರೆ ಅದು ಹೇಳುವುದು ಹೊರಗಿನ ಗುರುತುಗಳು ಎಷ್ಟು ಹೊಂದಿದವೆಂಬುದನ್ನು ಮಾತ್ರ. ಒಳಗಿನ ಗಡ್ಡೆಯ ಬಳಿ ತಪ್ಪು ಎಷ್ಟೆಂಬುದನ್ನಲ್ಲ. ಒಂದರಿಂದ ಇನ್ನೊಂದನ್ನು ಊಹಿಸಲಾಗದೆಂದು ಫಿಟ್ಸ್‌ಪ್ಯಾಟ್ರಿಕ್ ಎಂಬ ವಿದ್ವಾಂಸರು 2009ರಲ್ಲಿ ಗಣಿತದಿಂದಲೇ ಸಿದ್ಧಪಡಿಸಿದ್ದಾರೆ. ಹೀಗಿದ್ದೂ ಅಂಕಿ ಚಿಕ್ಕದಾದಷ್ಟೂ ನೋಡುವವನ ಧೈರ್ಯ ದೊಡ್ಡದಾಗುತ್ತದೆ! ಇದಕ್ಕಿಂತ ಹೆಚ್ಚಿನದು ಇನ್ನೊಂದುಂಟು. ಮಿದುಳಿನ ಹೊದಿಕೆಯನ್ನು ಕತ್ತರಿಸಿದ ಮೇಲೆ ದ್ರವ ಸೋರಿ ಮಿದುಳು ಜರುಗುತ್ತದೆ; ಕೆಲವೊಮ್ಮೆ ಒಂದು ಸೆಂಟಿಮೀಟರಿನಷ್ಟು. ತೆರೆಯ ಮೇಲಿನ ಚಿತ್ರವಾದರೋ ಮುಂಚಿನದೇ, ಅದೇ ಠೀವಿಯಿಂದ ಹೊಳೆಯುತ್ತಿರುತ್ತದೆ.

ಸಣ್ಣ ತೊಡಕುಗಳೂ ಇವೆ. ಕ್ಷಕಿರಣ ವಿಭಾಗದ ರೂಢಿಯಂತೆ ರೋಗಿಯ ಎಡಭಾಗ ಚಿತ್ರದಲ್ಲಿ ನಮ್ಮ ಬಲಕ್ಕೆ ಬರುತ್ತದೆ. ಅದನ್ನು ತಿರುಗಿಸಿ ನೋಡುವ ಶಸ್ತ್ರವೈದ್ಯರೂ ಇದ್ದಾರೆ. ವೈದ್ಯನ ಶುದ್ಧ ಕೈ ಗುಂಡಿ ಮುಟ್ಟುವಂತಿಲ್ಲ.

ಹಾಗಾದರೆ ಎಲ್ಲವನ್ನೂ ಕಣ್ಣೆದುರಿಗೇ ತಂದುಬಿಟ್ಟರಾಯಿತೆನ್ನುವವರಿದ್ದಾರೆ. ಕೆನಡಾದ ಟೊರಾಂಟೊದಲ್ಲಿ ಶವದ ತಲೆಯ ಮೇಲೆ ಅಂಥ ಪರೀಕ್ಷೆಯೊಂದು ನಡೆದು 2013ರಲ್ಲಿ ಪ್ರಕಟವಾಯಿತು. ಒಳನೋಟದ ಚಿತ್ರದ ಮೇಲೆಯೇ ಗೆರೆ ಬರೆದು ತೋರಿಸಿದಾಗ ವೈದ್ಯರ ಗುರಿ ಹೆಚ್ಚು ಖಚಿತವಾಯಿತು. ಆದರೆ ಎದುರಿಗೇ ಇದ್ದ, ಇರಬಾರದ ವಸ್ತುವನ್ನು ಗಮನಿಸಿದವರು ಕಡಮೆಯಾದರು. ಗೆರೆಯನ್ನು ನೋಡುವ ಕಣ್ಣು ಗಾಯವನ್ನು ಮರೆಯಿತು.

ಬಳಸುವವನಿಗೆ ಅನುಕೂಲವಾದ ತೆರೆಯೆಂದರೆ ಬಣ್ಣಬಣ್ಣದ ತೆರೆಯೆಂದು ನಾನು ಒಪ್ಪಲಾರೆ. ತುದಿಯನ್ನು ಮೊನಚಾದ ಚುಕ್ಕೆಯಾಗಿ ಬರೆಯುವ ಬದಲು, ಸಂಶಯವಿದ್ದಷ್ಟು ಅಗಲದ ವೃತ್ತವಾಗಿ ಬರೆಯಲಿ. ಹೊದಿಕೆ ತೆರೆದ ಮೇಲೆ ಚಿತ್ರ ಮಸುಕಾಗಲಿ. ಬೇಡದ ಹೊತ್ತಿನಲ್ಲಿ ಗೆರೆಗಳು ತಾವಾಗಿ ಮರೆಯಾಗಲಿ. ಇದನ್ನೆಲ್ಲ ಮೇಜಿನ ಮುಂದೆ ಕುಳಿತು ನಿರ್ಧರಿಸುವ ಮೊದಲು, ರಚಿಸುವವರು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ನಾಲ್ಕು ದಿನ ಸುಮ್ಮನೆ ನಿಂತು, ವೈದ್ಯನು ಯಾವಾಗ ತಲೆಯೆತ್ತಿ ತೆರೆಯನ್ನು ನೋಡುತ್ತಾನೆ, ಯಾವಾಗ ನೋಡುವುದಿಲ್ಲ ಎಂಬುದನ್ನು ಗುರುತುಹಾಕಿಕೊಂಡು ಬರಲಿ.