ಶೇಂಗಾನ ಗಾದಿ

ಮರಿ ಮನೆಗೆ ಬಂದ ಮೊದಲ ರಾತ್ರಿ, ಎರಡು ಗಂಟೆ ಹೊತ್ತಿಗೆ ನಾನು ಹಾಲ್‌ನಲ್ಲಿ ಯೋಗ ಮ್ಯಾಟ್ ಹಾಸಿಕೊಂಡು ನೆಲದ ಮೇಲೆ ಮಲಗಿದ್ದೆ. ಪಕ್ಕದಲ್ಲಿ 2,800 ರೂಪಾಯಿಯ ಹಾಸಿಗೆ ಖಾಲಿ ಬಿದ್ದಿತ್ತು. ಮರಿ ನನ್ನ ಕತ್ತಿನ ಸಂದಿಯಲ್ಲಿ ಮೂಗು ತೂರಿಸಿಕೊಂಡು ನಿದ್ದೆ ಹೊಡೀತಿತ್ತು. ನಾನು ಅಲ್ಲಾಡಿದರೆ ಎದ್ದು ಮತ್ತೆ ಅಳು ಶುರು ಮಾಡುತ್ತೆ ಅಂತ ಉಸಿರೂ ಮೆಲ್ಲಗೆ ಬಿಡ್ತಿದ್ದೆ. ಬೆಳಿಗ್ಗೆ ಒಂಬತ್ತೂವರೆಗೆ ಮೀಟಿಂಗ್ ಬೇರೆ.

ಅವನ ಹೆಸರು ಶೇಂಗಾ. ಬಣ್ಣ ಹುರಿದ ಶೇಂಗಾದ್ದೇ. ಮುಧೋಳ ತಳಿ. ಜಮಖಂಡಿ ಹತ್ತಿರ ನಮ್ಮೂರಲ್ಲಿ, ಕಾಕಾನ ಹೊಲದ ಪಕ್ಕದವರ ಮನೆಯಲ್ಲಿ ಹುಟ್ಟಿದವನು. ಎಂಟು ವಾರ ತುಂಬುವವರೆಗೆ ತಾಯಿ ಹತ್ತಿರಾನೇ ಇರಲಿ ಅಂತ ಕಾದು ತಂದೆ. (2017ರ ನಿಯಮದ ಪ್ರಕಾರ ಅದಕ್ಕಿಂತ ಮೊದಲು ಮರಿ ಮಾರೋ ಹಾಗೂ ಇಲ್ಲ.) 2005ರಲ್ಲಿ ಅಂಚೆಚೀಟಿ ಮೇಲೆ ಬಂದ ತಳಿ ಇದು. ಅಂಥ ಮನೆತನದವನು ಬಂದ ಅರ್ಧ ಗಂಟೆಗೇ ನನ್ನ ಲ್ಯಾಪ್‌ಟಾಪ್ ಬ್ಯಾಗ್ ಮೇಲೆ ಉಚ್ಚೆ ಹೊಯ್ದ. ಹೊಲದಲ್ಲಿ ಓಡಬೇಕಾದ ನಾಯಿನ ಬೆಂಗಳೂರಿನ ಬಾಡಿಗೆ ಮನೆಗೆ ತರೋದು ಸರೀನಾ ಅಂತ ಕೇಳಿದವರಿದ್ದಾರೆ. ನನ್ನದು ಕೆಳಗಿನ ಮನೆ, ಹಿಂದೆ ಸ್ವಲ್ಪ ಜಾಗ ಇದೆ, ಬೆಳಿಗ್ಗೆ ಐದೂವರೆಗೆ ಏಳೋ ಅಭ್ಯಾಸ ಇದೆ. ಅಷ್ಟು ಹೇಳಿ ಸುಮ್ಮನಾಗ್ತೀನಿ, ಯಾಕಂದ್ರೆ ಅವರು ಕೇಳೋದರಲ್ಲಿ ತಪ್ಪಿಲ್ಲ.

ಹಾಸಿಗೆ ವಿಷಯಕ್ಕೆ ಬರ್ತೀನಿ. ಮರಿ ಬರೋಕೆ ಒಂದು ವಾರ ಮೊದಲೇ ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದ್ದೆ. ಬೂದು ಬಣ್ಣ, ದುಂಡಗಿನ ಆಕಾರ, ಸುತ್ತ ಉಬ್ಬಿದ ಅಂಚು, ಮೇಲೆಲ್ಲ ಉದ್ದುದ್ದ ನವಿರು. ಫೋಟೋದಲ್ಲಿ ಒಂದು ಬಿಳೀ ಪೊಮೆರೇನಿಯನ್ ಅದರಲ್ಲಿ ಮುದುಡಿಕೊಂಡು ಮಲಗಿತ್ತು. ನಾನು ಅಳತೆ ನೋಡಲಿಲ್ಲ, ಒಳಗೆ ಏನು ತುಂಬಿದ್ದಾರೆ ನೋಡಲಿಲ್ಲ, ಒಗೆಯೋಕೆ ಬರುತ್ತಾ ಅಂತಾನೂ ನೋಡಲಿಲ್ಲ. ನೋಡಿದ್ದು ಒಂದೇ, ಸೋಫಾಗೆ ಮ್ಯಾಚ್ ಆಗುತ್ತಾ ಅಂತ.

ಅವ್ವನಿಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದೆ. ಕೂಡಲೇ ಫೋನ್ ಬಂತು.

"ನಾಯಿಗಿ ಗಾದಿ ಯಾಕ ಬೇಕವ್ವಾ? ಎಷ್ಟ ರೊಕ್ಕ ಕೊಟ್ಟಿ?"

ಎಂಟುನೂರು ಅಂದೆ. ಎಂಟುನೂರಕ್ಕೇ ಹತ್ತು ನಿಮಿಷ ಬೈದಳು.

ಮೊದಲ ಎರಡು ರಾತ್ರಿ ಅವನು ಆ ಗಾದಿ ಮೇಲೆ ಕಾಲಿಡಲಿಲ್ಲ. ಹಾಸಿಗೆ ಇಷ್ಟ ಆಗಿಲ್ಲ ಅಂದುಕೊಂಡು ರಾತ್ರಿ ಮೂರಕ್ಕೆ ಬೇರೆ ಹಾಸಿಗೆ ಹುಡುಕ್ತಾ ಫೋನ್ ಉಜ್ಜಿದ್ದೂ ಉಂಟು. ಆಮೇಲೆ ಹೊಳೀತು. ಎಂಟು ವಾರ ಇವನು ಐದು ಮರಿಗಳ ರಾಶಿಯಲ್ಲಿ ಮಲಗಿದವನು, ಒಂದರ ಹೊಟ್ಟೆ ಇನ್ನೊಂದರ ತಲೆ ಮೇಲೆ. ಹಾಸಿಗೆ ಎಷ್ಟು ಮೆತ್ತಗಿದ್ದರೂ ಅದಕ್ಕೆ ಉಸಿರಾಟ ಇಲ್ಲವಲ್ಲ. ಮೂರನೇ ರಾತ್ರಿ ಮಿಕ್ಸಿ ಬಂದಿದ್ದ ರಟ್ಟಿನ ಪೆಟ್ಟಿಗೆ ತಗೊಂಡು, ಅದರ ಪಿನ್ನು, ಟೇಪು ಎಲ್ಲ ಕಿತ್ತು, ಒಂದು ಪಕ್ಕ ಅವನು ದಾಟುವಷ್ಟು ತಗ್ಗಿಸಿ ಕತ್ತರಿಸಿದೆ. ಒಳಗೆ ನಾನು ದಿನವಿಡೀ ಹಾಕಿಕೊಂಡಿದ್ದ ಟೀ ಶರ್ಟು. ಪೆಟ್ಟಿಗೆಯನ್ನ ನನ್ನ ಮಂಚದ ಪಕ್ಕದಲ್ಲೇ ಇಟ್ಟು ಒಂದು ಕೈ ಇಳಿಬಿಟ್ಟೆ. ಐದು ನಿಮಿಷ ಕುಂಯ್‌ಗುಟ್ಟಿ ಮಲಗಿದ.

ರಾತ್ರಿ ಎರಡು ಸಲ ನಾನು ಏಳಲೇಬೇಕಿತ್ತು, ಅದು ಬೇರೆ ಮಾತು. ಆ ವಯಸ್ಸಿನ ಮರಿ ಎರಡು ಮೂರು ಗಂಟೆಗಿಂತ ಹೆಚ್ಚು ತಡೆಯಲ್ಲ. ಪೆಟ್ಟಿಗೆ ಪಕ್ಕದಲ್ಲಿದ್ದರೆ ಅವನು ಎದ್ದು ಸುತ್ತೋದು ಗೊತ್ತಾಗುತ್ತೆ, ಎತ್ತಿಕೊಂಡು ಹಿಂದಿನ ಬಾಗಿಲಿಗೆ ಓಡಬಹುದು. ಅಡುಗೆಮನೆಯಲ್ಲಿ ಕೂಡಿಹಾಕಿ, ಎರಡು ದಿನ ಅತ್ತು ತಾನೇ ಸುಮ್ಮನಾಗುತ್ತೆ ಅಂತ ಆಫೀಸಿನಲ್ಲಿ ಮೂವರು ಹೇಳಿದ್ದರು. ನಾನು ಒಪ್ಪಲಿಲ್ಲ. ರೂಮಿನ ಅಭ್ಯಾಸ ಆಗಿಬಿಡುತ್ತೆ ಅನ್ನೋ ಭಯವೂ ಸುಳ್ಳಾಯ್ತು. ನಾಲ್ಕು ತಿಂಗಳಾದ ಮೇಲೆ ಯಾರೂ ಹೇಳದೆ ತಾನೇ ಹಾಲ್‌ಗೆ ಶಿಫ್ಟ್ ಆದ.

ಇಷ್ಟರಲ್ಲಿ ಆ ದುಂಡು ಗಾದಿ ಹಗಲಿನ ಆಟದ ಸಾಮಾನಾಗಿತ್ತು. ಅದರ ಅಂಚು ಕಚ್ಚಿ ಎಳೆಯೋದು, ತಲೆ ಮೇಲೆ ಹಾಕಿಕೊಂಡು ಉರುಳೋದು. ನಾನು ವೀಡಿಯೊ ಮಾಡಿ ಸ್ಟೇಟಸ್ ಹಾಕಿದೆ.

ಹನ್ನೊಂದನೇ ದಿನ ಸಂಜೆ ನಾಲ್ಕಕ್ಕೆ ಒಂದು ಉದ್ದನೆಯ ಕಾಲ್‌ನಲ್ಲಿದ್ದೆ. ನಲವತ್ತು ನಿಮಿಷ ಮನೆಯಲ್ಲಿ ಸದ್ದೇ ಇಲ್ಲ. ಪಾಪ, ಮಲಗಿದಾನೆ ಅಂದುಕೊಂಡೆ. ಮರಿ ಇರೋ ಮನೆಯಲ್ಲಿ ಸದ್ದಿಲ್ಲ ಅಂದ್ರೆ ಹೋಗಿ ನೋಡಬೇಕು ಅಂತ ಆಗ ಗೊತ್ತಿರಲಿಲ್ಲ. ಬಾಗಿಲು ತೆಗೆದರೆ ಹಾಲ್ ತುಂಬ ಬಿಳೀ ಹತ್ತಿ ಥರದ್ದು ಹಾರಾಡ್ತಿದೆ. ಹತ್ತಿ ಅಲ್ಲ, ಪಾಲಿಯೆಸ್ಟರ್ ನಾರು. ಗಾದಿಯ ಒಂದು ಹೊಲಿಗೆ ಪೂರಾ ಬಿಚ್ಚಿದೆ. ಶೇಂಗಾ ಅದರ ಮಧ್ಯೆ ಗಡ್ಡ ಬಂದವನ ಹಾಗೆ ಕೂತಿದಾನೆ. ನಕ್ಕೆ. ಆ ಫೋಟೋನೂ ತೆಗೆದೆ. ಎಲ್ಲ ಬಳಿದು ಒಂದು ಕವರಿಗೆ ತುಂಬಿಟ್ಟೆ.

ಸಂಜೆ ಅವನು ಊಟ ಮುಟ್ಟಲಿಲ್ಲ. ಏಳಕ್ಕೆ ಒಂದು ಸಲ ವಾಂತಿ, ಎಂಟಕ್ಕೆ ಇನ್ನೊಂದು. ಎರಡನೇದರಲ್ಲಿ ಬಿಳೀ ಎಳೆಗಳಿದ್ದವು. ಸುರಿಯೋ ಮಳೆಯಲ್ಲಿ ಆಟೋ ಹಿಡಿದು ಡಾಕ್ಟರ ಹತ್ತಿರ ಓಡಿದೆ.

ಎಕ್ಸ್-ರೇ ತೆಗೆದರು. ಲೋಹ, ಮೂಳೆ ಆದರೆ ಎದ್ದು ಕಾಣುತ್ತೆ, ಇಂಥ ನಾರು, ಸ್ಪಂಜು ಎಕ್ಸ್-ರೇನಲ್ಲಿ ಸರಿಯಾಗಿ ಕಾಣಲ್ಲ ಅಂದರು. ಕರುಳಿನಲ್ಲಿ ಗಾಳಿ ಹೇಗೆ ಕಟ್ಟಿಕೊಂಡಿದೆ ಅಂತ ನೋಡಿ ಊಹಿಸಬೇಕಂತೆ. ಕಟ್ಟಿಕೊಂಡಿದ್ದರೆ ಹೊಟ್ಟೆ ಕೊಯ್ಯಬೇಕು. ಹತ್ತು ವಾರವೂ ತುಂಬದ ಮರಿಗೆ.

"ಎಷ್ಟು ತಿಂದಿರಬಹುದು?" ಅಂತ ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಗ ಅವರು ಹೇಳಿದ ಉಪಾಯ ನಾನು ಈಗ ಸಿಕ್ಕಿದವರಿಗೆಲ್ಲ ಹೇಳ್ತೀನಿ. "ಮನೆಗೆ ಹೋಗಿ ಆ ನಾರನ್ನೆಲ್ಲ ವಾಪಸ್ ಗಾದಿಗೆ ತುಂಬಿ. ಎಷ್ಟು ಕಡಿಮೆ ಬೀಳುತ್ತೆ ನೋಡಿ ಫೋನ್ ಮಾಡಿ."

ಅವನಿಗೆ ಡ್ರಿಪ್ ಹಾಕಿ ಅಲ್ಲೇ ಇಟ್ಟುಕೊಂಡರು. ರಾತ್ರಿ ಹನ್ನೊಂದಕ್ಕೆ ನಾನು ಒಬ್ಬಳೇ ಹಾಲ್‌ನಲ್ಲಿ ಕೂತು ಹರಿದ ಗಾದಿಗೆ ನಾರು ತುಂಬಿದೆ. ಸೋಫಾ ಕೆಳಗೆ ಹೋಗಿದ್ದನ್ನ, ಫ್ಯಾನಿನ ಗಾಳಿಗೆ ಕರ್ಟನ್‌ಗೆ ಅಂಟಿದ್ದನ್ನ, ಕಸದ ಕವರಿನಲ್ಲಿದ್ದದ್ದನ್ನ ಒಂದೊಂದಾಗಿ ಹೆಕ್ಕಿ ತುಂಬಿದೆ. ಪ್ರತಿ ಹಿಡಿ ಸಿಕ್ಕಾಗಲೂ ಇಷ್ಟು ಅವನ ಹೊಟ್ಟೆಯಲ್ಲಿಲ್ಲ ಅಂತ ಲೆಕ್ಕ. ಕೊನೆಗೆ ಮೂಲೆಯಲ್ಲಿ ನನ್ನ ಮುಷ್ಟಿಯ ಅರ್ಧದಷ್ಟು ಜಾಗ ಖಾಲಿ ಉಳೀತು. ಫೋನ್ ಮಾಡಿ ಹೇಳಿದೆ. "ಬೆಳಿಗ್ಗೆವರೆಗೆ ಕಾಯೋಣ" ಅಂದರು.

ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಅವರ ಕಡೆಯ ಹುಡುಗ ಒಂದು ಫೋಟೋ ಕಳಿಸಿದ. ಫೋಟೋದಲ್ಲಿ ಏನಿತ್ತು ಅಂತ ನೀವು ಊಟ ಮಾಡ್ತಾ ಓದ್ತಿರಬಹುದು ಅಂತ ಬಿಡಿಸಿ ಹೇಳಲ್ಲ. ಬಿಳೀ ಉಂಡೆ ಹೊರಗೆ ಬಂದಿತ್ತು. ಅದಿನ್ನೂ ನನ್ನ ಫೋನ್‌ನಲ್ಲಿದೆ, ಡಿಲೀಟ್ ಮಾಡೋಕೆ ಮನಸ್ಸು ಬಂದಿಲ್ಲ.

ಅವನನ್ನ ಕರ್ಕೊಂಡು ಬರೋಕೆ ಹೋದಾಗ ಡಾಕ್ಟರ ಹತ್ತಿರ ಹಾಸಿಗೆ ವಿಷಯವನ್ನೇ ಕೂತು ಕೇಳಿದೆ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಪೂರ್ತಿ ಬರೋದು ಆರೇಳು ತಿಂಗಳಿಗೆ. ಅಲ್ಲಿವರೆಗೆ ವಸಡು ನವೆ, ಸಿಕ್ಕಿದ್ದೆಲ್ಲ ಬಾಯಿಗೆ. ಅದಕ್ಕೇ ಅಷ್ಟು ದಿನ ಒಳಗೆ ಏನೂ ತುಂಬಿರದ ಹಾಸಿಗೆ ಸಾಕು ಅಂದರು. ಮಡಿಚಿದ ದಪ್ಪ ಬಟ್ಟೆ, ಅಷ್ಟೇ. ಜಿಪ್, ಗುಂಡಿ, ಲಾಡಿ, ಕುಚ್ಚು ಯಾವುದೂ ಬೇಡ. ಬಟ್ಟೆಯನ್ನೂ ಹರಿದು ನುಂಗೋ ಮರಿಗಳಿರುತ್ತವೆ, ಎಳೆ ಬಿಟ್ಟ ತಕ್ಷಣ ಬದಲಾಯಿಸಬೇಕು. ಇದನ್ನ ಕೇಳಿ ನನಗೆ ಅನ್ನಿಸಿದ್ದು, ಮೊದಲ ಹಾಸಿಗೆ ಹಾಳಾಗೋದೇ ಖಚಿತ ಇರುವಾಗ ದುಡ್ಡು ಕೊಟ್ಟು ತರೋದೇ ತಪ್ಪು.

ಒಗೆಯೋದರ ಬಗ್ಗೆ ಅವರು ಇನ್ನೂ ಗಟ್ಟಿಯಾಗಿ ಹೇಳಿದರು. ಚಿಗಟದ ಮೊಟ್ಟೆ ನಾಯಿ ಮೈಗೆ ಅಂಟಿಕೊಂಡಿರಲ್ಲ, ಉದುರಿ ಹಾಸಿಗೆಗೇ ಬೀಳುತ್ತೆ. ನಾಯಿಗೆ ಮಾತ್ರ ಔಷಧಿ ಹಾಕಿ ಹಾಸಿಗೆ ಬಿಟ್ಟರೆ ಪ್ರಯೋಜನ ಇಲ್ಲ. ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ ಅಂದರು. ಬೆಂಗಳೂರಿನ ಜುಲೈನಲ್ಲಿ ಬಿಸಿಲು ಎಲ್ಲಿಂದ ತರೋದು? ಆದ್ದರಿಂದ ಎರಡು ಜೊತೆ ಇರಲಿ.

ನಾನು ಒಂದು ವಿಷಯ ಕೇಳದೇ ಇದ್ದಿದ್ದರೆ ಇನ್ನೊಂದು ಅನಾಹುತ ಆಗ್ತಿತ್ತು. ಮೇಲಿನ ಮನೆಯವರ ಪರಿಚಯದವರ ಮರಿ ಮೂರು ತಿಂಗಳ ಹಿಂದೆ ತೀರಿಕೊಂಡಿತ್ತು. ಅದರ ಹಾಸಿಗೆ ಹೊಸದರ ಹಾಗೇ ಇದೆ, ತಗೊಳ್ಳಿ ಅಂದಿದ್ದರು. ಯಾವ ಕಾಯಿಲೆ ಅಂತ ಡಾಕ್ಟರು ಕೇಳಿದರು. ವಿಚಾರಿಸಿದರೆ ಪಾರ್ವೋ. ಆ ವೈರಸ್ ತಿಂಗಳುಗಟ್ಟಲೆ ಬಟ್ಟೆಯಲ್ಲಿ, ನೆಲದಲ್ಲಿ ಉಳಿಯುತ್ತೆ, ಫಿನಾಯಿಲ್ ನಂಬಿಕೊಂಡರೆ ಆಗಲ್ಲ, ಲಸಿಕೆ ಎಲ್ಲ ಮುಗಿಯೋವರೆಗೆ ಬೇರೆ ನಾಯಿಯ ಹಾಸಿಗೆ ಮನೆಗೇ ತರಬೇಡಿ ಅಂದರು. ಪಾಪ, ಅವರು ಪ್ರೀತಿಯಿಂದ ಕೊಟ್ಟಿದ್ದು. ಹೇಗೆ ಬೇಡ ಅನ್ನೋದು ತಿಳೀದೆ, ನಮ್ಮೂರಿಂದ ಬರ್ತಾ ಇದೆ ಅಂತ ಹೇಳಿದೆ.

ಹೇಳಿದ ಮೇಲೆ ತರಿಸಲೇಬೇಕಲ್ಲ. ಅವ್ವನಿಗೆ ಫೋನ್ ಮಾಡಿ ಒಂದು ಹಳೇ ಕೌದಿ ಕಳಿಸು ಅಂದೆ. ಗೊತ್ತಿಲ್ಲದವರಿಗೆ ಹೇಳಬೇಕಂದ್ರೆ, ಕೌದಿ ಅಂದ್ರೆ ಹಳೇ ಸೀರೆ, ಧೋತರ, ಅರಿವೆ ತುಂಡುಗಳನ್ನ ಪದರ ಪದರವಾಗಿ ಜೋಡಿಸಿ ಕೈಯಿಂದ ಹೊಲಿಯೋ ಹೊದಿಕೆ. ಒಳಗೆ ಹತ್ತಿಯಿಲ್ಲ, ನಾರಿಲ್ಲ, ಬರೀ ಬಟ್ಟೆ. ಡಾಕ್ಟರು ಹೇಳಿದ್ದಕ್ಕೆ ಇದಕ್ಕಿಂತ ಸರಿಯಾದ್ದು ಯಾವುದಿದೆ ಅಂತ ನನ್ನ ಲೆಕ್ಕ.

"ಕೌದಿ ನಾಯಿಗಿ ಕೊಡಾಕಿಲ್ಲ" ಅಂದಳು ಅವ್ವ. "ನಿಮ್ಮ ಆಯಿ ಹೊಲದಿದ್ದು. ಇನ್ನ ಎರಡ ಉಳದಾವ."

ಆಮೇಲೆ ನಾನು ಕೇಳಲಿಲ್ಲ. ಅವಳು ಹೇಳಿದ್ದೇ ಸರಿ. ಮೂರು ದಿನಕ್ಕೆ ಬಸ್ಸಿನಲ್ಲಿ ಪಾರ್ಸೆಲ್ ಬಂತು. ಅಪ್ಪನ ಎರಡು ಹಳೇ ಧೋತರ, ಕಂಬಳಿಯ ಒಂದು ತುಂಡು, ಒಂದು ಗೋಣಿಚೀಲ. ಜೊತೆಗೆ ಅರ್ಧ ಕೇಜಿ ಶೇಂಗಾ ಚಟ್ನಿ, ಅದು ನನಗೆ. ಕಂಬಳಿ ಕೆಳಗೆ, ಧೋತರ ನಾಲ್ಕು ಮಡಿಕೆ ಮೇಲೆ ಅಂತ ಫೋನ್‌ನಲ್ಲಿ ಅಪ್ಪಣೆ ಆಯ್ತು. ಗೋಣಿಚೀಲದ ನಾರು ಬಿಡುತ್ತೆ ಅಂತ ಅದನ್ನ ಹೊರಬಾಗಿಲ ಕಾಲೊರಸು ಮಾಡಿದೆ. ಅವ್ವನಿಗೆ ಹೇಳಿಲ್ಲ.

ಧೋತರದ ಮೇಲೆ ಶೇಂಗಾ ಮೊದಲ ಸಲಕ್ಕೇ ಮಲಗಿದ. ಆದರೆ ಇಡೀ ದಿನ ಅಲ್ಲ. ಮಧ್ಯಾಹ್ನ ಎದ್ದು ಹೋಗಿ ಅಡುಗೆಮನೆಯ ಬರೀ ಗ್ರಾನೈಟ್ ಮೇಲೆ ನಾಲ್ಕೂ ಕಾಲು ಚಾಚಿ ಬಿದ್ದಿರ್ತಾನೆ. ಬೆಳಗಿನ ಜಾವ ನಾಲ್ಕಕ್ಕೆ ನೋಡಿದರೆ ಕಂಬಳಿಯಲ್ಲಿ ಚಕ್ಕುಲಿ ಥರ ಸುತ್ತಿಕೊಂಡಿರ್ತಾನೆ. ಮೊದಮೊದಲು ಎತ್ತಿ ತಂದು ಹಾಸಿಗೆ ಮೇಲೆ ಹಾಕ್ತಿದ್ದೆ. ಆಮೇಲೆ ಊರಲ್ಲಿ ಕಾಕಾನ ನಾಯಿಗಳು ನೆನಪಾದವು. ಚಳಿಗೆ ಬಣವಿ ಸಂದಿ, ಬಿಸಿಲಿಗೆ ಬಂಡಿ ಕೆಳಗೆ ಅಥವಾ ನೀರಿನ ತೊಟ್ಟಿ ಪಕ್ಕದ ಹಸಿ ಮಣ್ಣು, ರಾತ್ರಿ ಒಲೆ ಆರಿದ ಮೇಲೆ ಬೂದಿ. ಒಂದೇ ಕಡೆ ಮಲಗೋ ನಾಯಿಯನ್ನ ನಾನು ನೋಡೇ ಇಲ್ಲ. ಮರಿ ದಿನಕ್ಕೆ ಹದಿನೆಂಟು ಗಂಟೆಯ ಹತ್ತಿರ ಮಲಗುತ್ತೆ, ಅಷ್ಟೂ ಹೊತ್ತು ಒಂದೇ ಜಾಗ ಯಾಕೆ ಬೇಕು? ಈಗ ಒಂದು ಬೆಚ್ಚನೆ ಜಾಗ, ಒಂದು ತಣ್ಣನೆ ಜಾಗ ಬಿಟ್ಟಿದ್ದೀನಿ. ಯಾವಾಗ ಎಲ್ಲಿ ಅನ್ನೋದು ಅವನಿಗೆ ಬಿಟ್ಟದ್ದು.

ಈಗ ಐದು ತಿಂಗಳು. ಕಾಲುಗಳೇ ಕಾಲು. ಆ ದುಂಡು ಗಾದಿ ಇದ್ದಿದ್ದರೂ ಈಗ ಅವನ ಅರ್ಧ ಮೈ ಹೊರಗೇ ಇರ್ತಿತ್ತು. ಮುಧೋಳದವರ ಮೈಯಲ್ಲಿ ಕೊಬ್ಬು ಕಡಿಮೆ, ಚರ್ಮ ತೆಳು, ಮೂಳೆ ನೇರ ನೆಲಕ್ಕೆ ತಾಗುತ್ತೆ. ಹೋದ ವಾರ ಬ್ರಷ್ ಮಾಡುವಾಗ ಮೊಣಕೈಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಕೂದಲು ಉದುರಿದ್ದು ಕಾಣಿಸ್ತು. ಗಟ್ಟಿ ನೆಲದ ಮೇಲೆ ಹೀಗೇ ಬಿಟ್ಟರೆ ಚರ್ಮ ದಡ್ಡುಗಟ್ಟುತ್ತೆ, ಕೆಲವಕ್ಕೆ ಅಲ್ಲಿ ನೀರು ತುಂಬಿ ಊದಿಕೊಳ್ಳುತ್ತೆ ಅಂದರು ಡಾಕ್ಟರು. ನೆಲದಿಂದ ಸ್ವಲ್ಪ ಎತ್ತರದಲ್ಲಿ, ಬಿಗಿಯಾಗಿ ಎಳೆದು ಕಟ್ಟಿದ ಮಂಚ ಆದರೆ ಒಳ್ಳೇದು, ಮೇಲೆ ಕಂಬಳಿ ಇರಲಿ ಅಂದರು. ಅಂಗಡಿಯಲ್ಲಿ ಅಂಥದ್ದು ಸಿಗುತ್ತೆ. ನೋಡಿದ ತಕ್ಷಣ ಗೊತ್ತಾಯ್ತು, ಇದು ನಮ್ಮೂರ ಹೊರಸು. ಕಾಲು ಮಾತ್ರ ಗಿಡ್ಡ.

ಈ ಸಲ ಟೇಪ್ ಹಿಡಿದು ಅಳೆದೆ. ಅವನು ಉದ್ದಕ್ಕೆ ಮಲಗಿದ್ದಾಗ ಮೂಗಿನಿಂದ ಬಾಲದ ಬುಡಕ್ಕೆ 76 ಸೆಂಟಿಮೀಟರ್. ಇನ್ನೂ ಬೆಳೀತಾನೆ ಅಂತ ಒಂದೂಕಾಲು ಅಡಿ ಸೇರಿಸಿ, ಕಾಕಾನಿಗೆ ಫೋನ್ ಮಾಡಿದೆ. ಹೊರಸು ಹೆಣೆಯೋರು ಊರಲ್ಲಿ ಇನ್ನೂ ಇದಾರಾ ಅಂತ ಕೇಳಿದೆ.

"ಅದಾರ. ಎಷ್ಟ ಉದ್ದ ಬೇಕವಾ?"

ಪೌಣೆ ನಾಲ್ಕು ಅಡಿ ಅಂದೆ.

"ಅಷ್ಟ ಗಿಡ್ಡ ಹೊರಸಿನ್ಯಾಗ ಯಾರ ಮಲಗತಾರ?"

ಶೇಂಗಾ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಹಲ್ಲ ಬದಲಾಗ್ಯಾವೇನ ಅದಕ್ಕ? ಇಲ್ಲಂದ್ರ ನವಾರ ಕಡದ ಒಗೀತೈತಿ. ಇನ್ನೆರಡ ತಿಂಗಳ ತಡಿ. ಕಾಲ ಗೇಣುದ್ದ ಮಾಡಸ್ತೇನಿ." ಆಮೇಲೆ ದನಿ ತಗ್ಗಿಸಿ, "ವೈನಿಗಿ ಮಾತ್ರ ಹೇಳಬ್ಯಾಡ."